ಕುದುರೆಗೂ ಸದ್ಗುಣವೇ?

ಆಕ್ಸ್‌ಫರ್ಡಿನಲ್ಲಿ ನೆಲೆಸಿ ಹನ್ನೆರಡು ವರ್ಷಗಳಾದವು. ಗ್ರೀಕ್ ತತ್ತ್ವಗ್ರಂಥಗಳ ಅನುವಾದವನ್ನೇ ಒಬ್ಬ ವಿದ್ವಾಂಸರ ಜೀವಮಾನದ ದುಡಿಮೆಯೆಂದು ಇಲ್ಲಿನವರು ಎಣಿಸುವುದು ನನಗೆ ಮೊದಮೊದಲು ಸೋಜಿಗವೆನಿಸಿತ್ತು. ನಮ್ಮಲ್ಲಿ ‘ಅನುವಾದವನ್ನೂ ಮಾಡಿದ್ದಾರೆ’ ಎಂಬ ಮಾತು ಲೇಖಕರ ಪರಿಚಯದ ಕೊನೆಯ ಸಾಲಿನಲ್ಲಿ ಬರುವುದೇ ಹೆಚ್ಚು.

ಬೆಂಜಮಿನ್ ಜೊವೆಟ್ ಅವರನ್ನೇ ನೋಡಿ. 1855ರಲ್ಲಿ ಇಲ್ಲಿನ ಗ್ರೀಕ್ ಪ್ರಾಧ್ಯಾಪಕರಾದ ಅವರ ಧಾರ್ಮಿಕ ವಿಚಾರಗಳು ಹಲವರಿಗೆ ಹಿಡಿಸದೆ, ಆ ಹುದ್ದೆಯ ವೇತನ 1865ರವರೆಗೂ ವರ್ಷಕ್ಕೆ 40 ಪೌಂಡಿನಲ್ಲೇ ನಿಂತಿತ್ತು. ಪ್ಲೇಟೋನ ಸಂವಾದಗಳ ಅವರ ಅನುವಾದ 1871ರಲ್ಲಿ ಹೊರಬಂದಿತು. ಅದನ್ನು 1875ರಲ್ಲಿ ಒಮ್ಮೆ ತಿದ್ದಿದರು. 1892ರಲ್ಲಿ, ತೀರಿಕೊಳ್ಳುವ ಹಿಂದಿನ ವರ್ಷ, ಮತ್ತೊಮ್ಮೆ ತಿದ್ದಿದರು. 1953ರಲ್ಲಿ ಬೇರೆಯವರು ಅದನ್ನೇ ಪರಿಷ್ಕರಿಸಿದರು, ಹೊಸ ಅನುವಾದಗಳಂತೂ ಬರುತ್ತಲೇ ಇವೆ. ‘ಆಗಲೇ ಆಗಿದೆಯಲ್ಲ, ಮತ್ತೇಕೆ?’ ಎಂದು ಇಲ್ಲಿ ಯಾರೂ ಕೇಳುವುದಿಲ್ಲ.

ಈ ತಾಳ್ಮೆ ನಮಗೆ ಹೊಸದೇನಲ್ಲ. ಹಳಗನ್ನಡ ಕಾವ್ಯಕ್ಕೂ ಸಂಸ್ಕೃತ ಶಾಸ್ತ್ರಕ್ಕೂ ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಬರೆದ ನಮ್ಮ ಪಂಡಿತರು ಒಂದೊಂದು ಪದದ ಮುಂದೆಯೂ ನಿಂತು ಮುಂದೆ ಸಾಗಿದವರು. ಗುರುವಿನ ಎದುರು ಕುಳಿತು ಬಾಯಿಬಿಟ್ಟು ಓದುವ ನಮ್ಮ ಪಾಠಕ್ರಮ ನಾನು ಹೋಗುವ ಇಲ್ಲಿನ ಸಂಜೆಯ ಗ್ರೀಕ್ ತರಗತಿಗಿಂತ ಮೇಲೆಂದೇ ನನ್ನ ಎಣಿಕೆ. ಆದರೆ ಗ್ರೀಕರ ವಿಷಯಕ್ಕೆ ಬಂದಾಗ ಮಾತ್ರ ನಾವು ಆ ಪದ್ಧತಿಯನ್ನು ಬದಿಗಿಟ್ಟು, ಬಹುಮಟ್ಟಿಗೆ ಇಂಗ್ಲಿಷಿನ ಅನುವಾದವನ್ನೇ ಮೂಲವೆಂದು ಒಪ್ಪಿಕೊಳ್ಳುತ್ತೇವೆ.

ಇದರ ನಷ್ಟ ನನಗೆ ಅರಿವಾದದ್ದು ‘ಅರೆಟೆ’ ಎಂಬ ಒಂದೇ ಪದದಿಂದ. ಇಂಗ್ಲಿಷಿನವರು ಅದನ್ನು ‘ವರ್ಚ್ಯೂ’ ಎಂದರು, ನಾವು ಅದರ ಬೆನ್ನುಹಿಡಿದು ‘ಸದ್ಗುಣ’ ಎಂದೆವು. ಪ್ಲೇಟೋನ ‘ರಿಪಬ್ಲಿಕ್’ ಸಂವಾದದ ಮೊದಲ ಭಾಗದಲ್ಲಿ ಸಾಕ್ರೆಟಿಸ್ ನಾಯಿಯ ಅರೆಟೆ, ಕುದುರೆಯ ಅರೆಟೆ, ಕಣ್ಣು ಕಿವಿಗಳ ಅರೆಟೆ ಎನ್ನುತ್ತಾನೆ. ಕುದುರೆಗೆ, ಕಿವಿಗೆ ಎಂತಹ ಸದ್ಗುಣ? ಒಂದು ವಸ್ತು ತನ್ನ ಕೆಲಸವನ್ನು ಚೆನ್ನಾಗಿ ಮಾಡುವಂತೆ ಮಾಡುವುದೇ ಅಲ್ಲಿ ಅರೆಟೆ. ‘ಮಣ್ಣಿನ ಗುಣ’, ‘ಕೈಗುಣ’ ಎಂದು ದಿನನಿತ್ಯ ಆಡುವ ನಮಗೆ ಅದು ಇಂಗ್ಲಿಷಿನವರಿಗಿಂತ ಬೇಗ ಹೊಳೆಯಬೇಕಿತ್ತು. ‘ಸತ್’ ಎಂಬುದನ್ನು ಕಳಚಿ ಬರಿಯ ‘ಗುಣ’ ಎಂದಿದ್ದರೆ ಸಾಕಾಗುತ್ತಿತ್ತು. ಕೈಗುಣದಲ್ಲಿ ಅದೃಷ್ಟದ ಅರ್ಥವೂ ತುಸು ಬೆರೆತಿದೆ, ಅದನ್ನು ಸಾಕ್ರೆಟಿಸ್ ಒಪ್ಪುತ್ತಿರಲಿಲ್ಲ. ಪ್ರತಿಪದಾರ್ಥ ಬರೆಯುವವರು ಅಲ್ಲಿ ಒಂದು ಟಿಪ್ಪಣಿ ಸೇರಿಸಬೇಕಾದೀತು.