ಸರ್ಕಾರಿ ಕಚೇರಿಯಲ್ಲಿ ಕರ್ಮಣಿ ಪ್ರಯೋಗ

ಆಡಳಿತದಲ್ಲಿ ಕನ್ನಡ ಜಾರಿಯಾಗಿಲ್ಲ ಅಂತ ಗೊಣಗುವವರು ಹೈಸ್ಕೂಲಿನ ವ್ಯಾಕರಣ ಪುಸ್ತಕವನ್ನು ರದ್ದಿಗೆ ಹಾಕಿರಬೇಕು. ಕನ್ನಡವನ್ನು ರಾಜಭಾಷೆ ಮಾಡುವ ಕಾಯ್ದೆ ಬಂದಿದ್ದು 1963ರಲ್ಲಿ. ಭಾಷೆಯ ಮಾತು ಬಿಡಿ, ನಮ್ಮ ಕಚೇರಿಗಳಲ್ಲಿ ವ್ಯಾಕರಣವಂತೂ ಚಾಚೂ ತಪ್ಪದೆ ನಡೀತಿದೆ.

ಸಂಧಿಯನ್ನೇ ನೋಡಿ. ‘ಮನೆ’, ‘ಅನ್ನು’ ಎರಡೂ ನೇರವಾಗಿ ಸೇರುವುದಿಲ್ಲ. ಎಲ್ಲಿಂದಲೋ ಒಂದು ಯಕಾರ ಬಂದು ನಡುವೆ ನಿಂತು ‘ಮನೆಯನ್ನು’ ಮಾಡಿಸಿಕೊಡುತ್ತದೆ. ಇದು ಆಗಮ ಸಂಧಿ. ಅದೇ ಮನೆಯ ಖಾತೆ ಬದಲಾಗಬೇಕಾದರೂ ಅಷ್ಟೇ, ನೀವು ನೇರವಾಗಿ ಕೌಂಟರಿಗೆ ಹೋದರೆ ಏನೂ ಆಗುವುದಿಲ್ಲ, ಜೆರಾಕ್ಸ್ ಅಂಗಡಿ ಪಕ್ಕ ನಿಂತಿರುವ ಯಕಾರವನ್ನು ಕಂಡೇ ಬರಬೇಕು. (ವ್ಯಾಕರಣದ ಯಕಾರ ಕಮಿಷನ್ ಕೇಳುವುದಿಲ್ಲ, ಪಾಪ.) ಆದೇಶ ಸಂಧಿಯಲ್ಲಿ ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಕಕಾರ ಎದ್ದು ಹೋಗಿ ಅದರ ಜಾಗದಲ್ಲಿ ಗಕಾರ ಕೂರುತ್ತದೆ. ವಿಧಾನಸೌಧದಲ್ಲಿ ಇದಕ್ಕೆ ವರ್ಗಾವಣೆ ಅಂತಾರೆ. ಇನ್ನು ಲೋಪ. ಕಾಣದೆ ಹೋಗುವುದೇ ಲೋಪ ಅಂತ ಪಾಣಿನಿ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಸೂತ್ರ ಬರೆದಿಟ್ಟ. ದುಡ್ಡು ಕಾಣದೆ ಹೋದಾಗ ಆಡಿಟ್‌ನವರೂ ಅದೇ ಪದ ಬಳಸುತ್ತಾರೆ. ಕಳ್ಳತನ ಅನ್ನುವುದಿಲ್ಲ, ಎಷ್ಟು ಶಾಸ್ತ್ರೋಕ್ತ ನೋಡಿ.

ಆದರೆ ನಿಜವಾದ ಪಾಂಡಿತ್ಯ ಇರುವುದು ಕರ್ಮಣಿ ಪ್ರಯೋಗದಲ್ಲಿ. ‘ಇಂಜಿನಿಯರ್ ರಸ್ತೆ ಅಗೆಸಿದರು’ ಅಂದರೆ ಕರ್ತರಿ, ಅಲ್ಲೊಬ್ಬ ಕರ್ತೃ ಸಿಕ್ಕಿಬೀಳುತ್ತಾನೆ. ‘ರಸ್ತೆ ಅಗೆಯಲ್ಪಟ್ಟಿದೆ’ ಅನ್ನಿ, ಯಾರೂ ಸಿಗುವುದಿಲ್ಲ. ‘ಪರಿಶೀಲಿಸಲಾಗುವುದು.’ ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಯಾರು ಸ್ವಾಮಿ ಕೈಗೊಳ್ಳೋದು? ಆ ಗುಂಡಿಗೆ ಬಿದ್ದು ಕಾಲು ಮುರಿದುಕೊಂಡವನು ಹೋಗಿ ಕೇಳಿದರೆ ‘ನಿಮ್ಮ ಕರ್ಮ’ ಅಂತಾರೆ. ಬೈಕೋಬೇಡಿ, ಅದೂ ಸರಿಯೇ. ಕರ್ತೃ ಮಾಡಿದ ಕೆಲಸದ ಫಲ ಯಾರ ಮೇಲೆ ಬೀಳುತ್ತದೋ ಅವನೇ ಕರ್ಮಪದ ಅಂತ ಮೇಷ್ಟ್ರು ಹೇಳಿಕೊಟ್ಟಿಲ್ವಾ?

ನನಗೆ ತುಂಬಾ ಇಷ್ಟವಾದದ್ದು ಸಂಭಾವನಾರ್ಥಕ. ಬಂದಾನು, ಕೊಟ್ಟಾನು, ಆದೀತು, ಹೀಗೆ ಖಾತ್ರಿಯಿಲ್ಲದ್ದನ್ನು ಹೇಳುವ ರೂಪ. ಇದಕ್ಕೆ ಈ ಹೆಸರಿಟ್ಟ ಪಂಡಿತರು ಯಾವುದೋ ಸರ್ಕಾರಿ ಕವಿಗೋಷ್ಠಿಗೆ ಹೋಗಿ ಬಂದವರೇ ಇರಬೇಕು. ಶಾಲು, ಹಾರ, ಹಣ್ಣಿನ ಬುಟ್ಟಿ, ಮಂತ್ರಿಗಳು ಬರುವವರೆಗೂ ಕಾಯುವ ಭಾಗ್ಯ, ಎಲ್ಲವೂ ವರ್ತಮಾನ ಕಾಲದಲ್ಲೇ ಸಿಗುತ್ತದೆ. ಸಂಭಾವನೆ ಮಾತ್ರ ಬಂದೀತು. ಕವಿಗಳು ಆರು ತಿಂಗಳು ಬಿಟ್ಟು ಹೋಗಿ ವಿಚಾರಿಸಿದರೆ ಗುಮಾಸ್ತರು ತಲೆ ಎತ್ತದೆ ‘ಪಾವತಿಸಲಾಗುವುದು’ ಅಂತಾರೆ.