ಬೋರ್ಡ್ ಸಾಕು, ಸಂಬಳ ಕೊಡಿ

ಅಮೆರಿಕದ ಎಷ್ಟೋ ಕ್ಯಾಂಪಸ್‌ಗಳಲ್ಲಿ ಈಗ ಹುಲ್ಲುಹಾಸಿನ ಮೂಲೆಯೊಂದನ್ನು ಅಗೆದು 'ಮೂರು ಅಕ್ಕತಂಗಿಯರ' ತೋಟ ಮಾಡಿ, ಮೂಲನಿವಾಸಿಗಳ ಹೆಸರಲ್ಲಿ ಒಂದು ಬೋರ್ಡ್ ನೆಡುತ್ತಾರೆ. ಮುಸುಕಿನ ಜೋಳ, ಬೀನ್ಸ್, ಕುಂಬಳ. ನ್ಯೂಯಾರ್ಕ್ ಕಡೆಯ ಮೂಲನಿವಾಸಿ ಬುಡಕಟ್ಟುಗಳ ಒಕ್ಕೂಟವಾದ ಹೋಡೆನೊಶೋನಿ ಜನ ಇವನ್ನು ಶತಮಾನಗಳಿಂದ ಒಟ್ಟಿಗೇ ಬೆಳೆದಿದ್ದಾರೆ. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ಅವರೆ, ಹುಚ್ಚೆಳ್ಳು ಕಂಡ ನಮಗೆ ಇದೇನು ಹೊಸದಲ್ಲ, ಅಲ್ವಾ?

ಆದರೆ ಇವರ ಕ್ರಮ ನೋಡಿ. ಮಣ್ಣು ಗುಡ್ಡೆ ಮಾಡಿ ಮೊದಲು ಜೋಳ ಊರುತ್ತಾರೆ. ಅದು ಗೇಣುದ್ದ ಬಂದಮೇಲೆ ಸುತ್ತ ಬೀನ್ಸ್. ಅವಸರ ಮಾಡಿದರೆ ಬಳ್ಳಿ ಎಳೇ ಜೋಳವನ್ನೇ ಬಗ್ಗಿಸಿಬಿಡುತ್ತದೆ. ಕುಂಬಳದ ಎಲೆ ನೆಲ ಮುಚ್ಚಿದರೆ ಕಳೆಯೂ ಕಡಿಮೆ, ತೇವವೂ ಉಳಿಯುತ್ತದೆ. ಆಮೇಲೆ ಅಡುಗೆಮನೆ ಕೆಲಸ. ಒಣಗಿದ ಜೋಳವನ್ನು ಸೌದೆ ಬೂದಿ ಹಾಕಿದ ನೀರಲ್ಲಿ ಬೇಯಿಸಿ ಸಿಪ್ಪೆ ತೆಗೆಯಬೇಕು. ಹಾಗೆ ಮಾಡಿದರೇ ಅದರಲ್ಲಿರುವ ನಯಾಸಿನ್ ಅನ್ನೋ ವಿಟಮಿನ್ ಮೈಗೆ ಹತ್ತೋದು. ಬೂದಿ ಬಿಟ್ಟು ಬರೀ ಜೋಳ ತಿಂದುಕೊಂಡಿದ್ದ ಅಮೆರಿಕದ ದಕ್ಷಿಣದ ರಾಜ್ಯಗಳ ಎಷ್ಟೋ ಬಡವರು 20ನೇ ಶತಮಾನದ ಆರಂಭದಲ್ಲಿ ಆ ವಿಟಮಿನ್ ಕೊರತೆಯ ಪೆಲ್ಲಾಗ್ರ ಕಾಯಿಲೆ ಬಂದು ಸತ್ತರು. ಕ್ಯಾಂಪಸ್ ತೋಟದ ಜೋಳ ಮೆಸ್ಸಿನ ಒಲೆವರೆಗೂ ಹೋಗಬೇಕು ಅಂತ ನಾನು ಅನ್ನೋದು ಇದಕ್ಕೇ.

ಕಾರ್ನೆಲ್ ವಿಶ್ವವಿದ್ಯಾಲಯವನ್ನೇ ತಗೊಳ್ಳಿ. ಅದು ನಿಂತಿರುವುದು ಹೋಡೆನೊಶೋನಿ ಒಕ್ಕೂಟದ ಕಯೂಗ ಜನರ ನೆಲದಲ್ಲಿ. 1779ರಲ್ಲಿ ಅಮೆರಿಕನ್ ಸೇನೆಯ ಜನರಲ್ ಸಲಿವನ್ ದಂಡು ಬಂದು ಆ ಸೀಮೆಯ ಊರು, ಜೋಳದ ಹೊಲ ಎಲ್ಲ ಸುಟ್ಟಿತು. ಪೀಚ್ ಮರಗಳನ್ನೂ ಕಡಿದು ಹಾಕಿತು. ಇಷ್ಟು ಸಾಲದು ಅಂತ, ಕಾಲೇಜು ಕಟ್ಟೋಕೆ ಸರ್ಕಾರಿ ಭೂಮಿ ಕೊಟ್ಟ 1862ರ ಮೊರಿಲ್ ಕಾಯ್ದೆಯಡಿ ಮೂಲನಿವಾಸಿಗಳಿಂದ ಕಿತ್ತುಕೊಂಡಿದ್ದ ಸುಮಾರು 10 ಲಕ್ಷ ಎಕರೆ ಕಾರ್ನೆಲ್ ಪಾಲಿಗೆ ಬಂತು. ಅದನ್ನು ಮಾರಿದ ದುಡ್ಡೇ ಅದರ ಮೂಲಧನದ ದೊಡ್ಡ ಪಾಲು. ಇಷ್ಟೆಲ್ಲ ಆದಮೇಲೆ ನಾಲ್ಕು ಗುಡ್ಡೆ ಜೋಳ, ಒಂದು ಬೋರ್ಡ್ ಅಂದರೆ ನನಗಂತೂ ಸಮಾಧಾನ ಆಗುವುದಿಲ್ಲ.

ಅದೇ ಕಾರ್ನೆಲ್‌ನಲ್ಲಿ ಪಾಠ ಮಾಡಿದ, ಅದೇ ಒಕ್ಕೂಟದ ಟಸ್ಕರೋರ ಮೂಲದ ಜೇನ್ ಮೌಂಟ್ ಪ್ಲೆಸೆಂಟ್ ಈ ಬೇಸಾಯವನ್ನು ಹೊಲದಲ್ಲೇ ಅಳೆದು ನೋಡಿದವರು. ಅಷ್ಟೇ ಜಾಗದಲ್ಲಿ ಒಂದೊಂದನ್ನೇ ಬೇರೆ ಬೇರೆಯಾಗಿ ಬೆಳೆಯುವುದಕ್ಕಿಂತ ಮೂರನ್ನೂ ಸೇರಿಸಿದರೆ ಹೆಚ್ಚು ಜನರ ಹೊಟ್ಟೆ ತುಂಬುತ್ತದೆ ಅಂತ ತೋರಿಸಿದರು. ಅಂದರೆ ಇದು ಪಕ್ಕಾ ಬೇಸಾಯ. ಸುಮ್ನೆ ಅಲಂಕಾರಕ್ಕೆ ಇಡೋದಲ್ಲ.

ಇನ್ನೊಂದು ತೊಡಕಿದೆ, ಯಾರೂ ಜಾಸ್ತಿ ಮಾತಾಡಲ್ಲ. ಅಲ್ಲಿ ಬಿತ್ತನೆ ಮೇ ಕೊನೆಗೆ. ಅಷ್ಟೊತ್ತಿಗೆ ಹುಡುಗರು ಬೇಸಿಗೆ ರಜೆಗೆ ಊರಿಗೆ ಹೊರಟಿರುತ್ತಾರೆ. ಕಳೆ ಕೀಳೋದು, ನೀರು ಬಿಡೋದು, ಜಿಂಕೆ ಬರದಂತೆ ಕಾಯೋದು ಯಾರು? ಹುಲ್ಲು ಕತ್ತರಿಸುವವರಿಗೆ ವರ್ಷವಿಡೀ ಸಂಬಳ ಇದೆ. ಬೀಜ ಉಳಿಸಿಕೊಂಡು ಬಂದ ಸಮುದಾಯದ ರೈತರನ್ನು ಮಾತ್ರ ಒಂದು ಮಧ್ಯಾಹ್ನದ ಭಾಷಣಕ್ಕೆ ಕರೆದು, ಶಾಲು ಹೊದಿಸಿ ಕಳಿಸುವುದು ಯಾವ ನ್ಯಾಯ? ಅವರನ್ನೇ ಕೆಲಸಕ್ಕೆ ತಗೊಳ್ಳಿ.