ವಿಜ್ಞಾನದ ಉದ್ದುದ್ದ ಪದಗಳನ್ನು ಬಿಡಿಸಿ ಕಲಿಸಬೇಕೇ?

ಪರ

ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಗಳ ಆಸುಪಾಸಿನಲ್ಲಿ ಬೆಳೆದು, ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿ ಪಿಯುಸಿ ವಿಜ್ಞಾನಕ್ಕೆ ಬಂದರೆ ಮೊದಲು ಹೆದರುವುದು ಹೆಸರುಗಳಿಗೆ. 'ನ್ಯೂಮೋಕೋನಿಯೋಸಿಸ್' ಓದಲು ಹೋಗಿ ಅರ್ಧಕ್ಕೇ ನಿಲ್ಲುತ್ತಾಳೆ. ಗ್ರೀಕಿನಲ್ಲಿ ನ್ಯೂಮೋನ್ ಅಂದರೆ ಶ್ವಾಸಕೋಶ, ಕೋನಿಸ್ ಅಂದರೆ ಧೂಳು, ಕೊನೆಯ ಓಸಿಸ್ ರೋಗಸ್ಥಿತಿ ಎಂದು ಬಿಡಿಸಿ ಹೇಳಿ ನೋಡಿ. ಕಲ್ಲು ಕೊರೆಯುವವರ ಎದೆಯಲ್ಲಿ ಧೂಳು ಕೂತು ಬರುವ ಬೇನೆ ಅವಳಿಗೆ ತಾನಾಗಿಯೇ ಹೊಳೆಯುತ್ತದೆ. ಧೂಳು ಸಿಲಿಕಾದ್ದಾದರೆ? ಸಿಲಿಕೋಸಿಸ್ ಎಂದು ಅವಳೇ ಹೇಳುತ್ತಾಳೆ.

ಸಂಧಿ ಬಿಡಿಸುವುದು, ಸಮಾಸ ವಿಗ್ರಹಿಸುವುದು ನಮ್ಮ ಮಕ್ಕಳಿಗೆ ಹೈಸ್ಕೂಲಿನಲ್ಲೇ ರೂಢಿಯಾಗಿರುತ್ತದೆ. ಆ ಕೈಚಳಕವನ್ನೇ ಇಲ್ಲಿಯೂ ಬಳಸಬಹುದು. 'ಐಟಿಸ್' ಅಂದರೆ ಉರಿಯೂತ ಎಂಬುದೊಂದು ತಿಳಿದರೆ ಹೆಪಟೈಟಿಸ್, ನೆಫ್ರೈಟಿಸ್, ಆರ್ಥ್ರೈಟಿಸ್‌ಗಳಲ್ಲಿ ಕಲಿಯಲು ಉಳಿಯುವುದು ಯಕೃತ್ತು, ಮೂತ್ರಪಿಂಡ, ಕೀಲುಗಳ ಗ್ರೀಕ್ ಹೆಸರಷ್ಟೇ. ಕೋಚಿಂಗ್‌ಗೆ ದುಡ್ಡು ಕಟ್ಟಲಾಗದ ಮನೆಯ ಮಗುವಿಗೆ ಇಷ್ಟು ಆಸರೆಯನ್ನಾದರೂ ಕೊಡಲೇಬೇಕು.

ವಿರೋಧ

ಪದ ಬಿಡಿಸಿದೊಡನೆ ವಿಷಯವೂ ತಿಳಿಯಿತು ಎಂಬ ಭ್ರಮೆ ಹುಟ್ಟುತ್ತದೆ. ಹೈಡ್ರೋ ಅಂದರೆ ನೀರು ಎಂದು ಕಲಿತವನು ಹೈಡ್ರೋಕಾರ್ಬನ್‌ನಲ್ಲಿ ನೀರು ಹುಡುಕುತ್ತಾನೆ, ಅಲ್ಲಿರುವುದು ಹೈಡ್ರೋಜನ್. ಆಕ್ಸಿಜನ್ ಎಂದರೆ ಆಮ್ಲಜನಕ. ಎಲ್ಲ ಆಮ್ಲಗಳಲ್ಲೂ ಅದು ಇದ್ದೇ ಇರುತ್ತದೆಂದು ನಂಬಿ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವಾಸಿಯೆ ಇಟ್ಟ ಹೆಸರದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದು ಇಲ್ಲವೆಂದು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1810ರಲ್ಲೇ ಹೇಳಿದ. ಹೆಸರು ಮಾತ್ರ ಉಳಿಯಿತು, ಕನ್ನಡಕ್ಕೂ ಹಾಗೇ ಬಂತು.

ಇನ್ನು 'ಪೆಡಾಲಜಿ' ಮಣ್ಣಿನ ಶಾಸ್ತ್ರ, 'ಪೀಡಿಯಾಟ್ರಿಕ್ಸ್' ಮಕ್ಕಳ ವೈದ್ಯಶಾಸ್ತ್ರ. ಕೇಳಲು ಒಂದೇ ಬೇರಿನವು ಅನಿಸುತ್ತವೆ, ಬೇರೆಬೇರೆ. ಉಚ್ಚಾರದಂತೆ ತುಂಡರಿಸಿದರೆ ಇನ್ನೂ ಕಷ್ಟ: ನಾವೆಲ್ಲ ಹೆಲಿ-ಕಾಪ್ಟರ್ ಎನ್ನುತ್ತೇವೆ, ಮೂಲದಲ್ಲಿ ಅದು ಸುರುಳಿ ಎಂಬ 'ಹೆಲಿಕೊ', ರೆಕ್ಕೆ ಎಂಬ 'ಪ್ಟರ್'.

ನಮ್ಮ ವಿಜಯಪುರ ಜಿಲ್ಲೆಯ ಹೊಲಗಳಲ್ಲಿ ಉಳ್ಳಾಗಡ್ಡಿಗೆ ಬರವಿಲ್ಲ. ಅದರ ಒಳಪದರದ ತೆಳು ಪೊರೆ ಸುಲಿದು, ಬಣ್ಣದ ಹನಿ ಹಾಕಿ, ಸೂಕ್ಷ್ಮದರ್ಶಕದಡಿ ಇಟ್ಟರೆ ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು ಕಾಣುತ್ತವೆ. ಅದನ್ನು ಕಂಡ ಮೇಲೆ 'ಎಪಿಡರ್ಮಿಸ್' ಎಂಬ ಹೆಸರು ಹೇಳಿದರೆ ಬಿಡಿಸುವ ಅಗತ್ಯವೇ ಬೀಳದು. ಪ್ರಯೋಗಾಲಯದ ಬೀಗ ತೆಗೆಯದ ಕಾಲೇಜುಗಳಲ್ಲಿ ಪದ ಬಿಡಿಸುವುದೇ ವಿಜ್ಞಾನದ ಪಾಠವಾಗಿಬಿಡುತ್ತದೆ ಎಂಬುದೇ ನನ್ನ ಭಯ.